ಕೃಷಿ ಹೊಂಡ ತೆಗೆಸುವ ಮುನ್ನ ಲಾಭ–ನಷ್ಟದ ಲೆಕ್ಕ: ಹಂತ ಹಂತವಾಗಿ

ಮಳೆಯ ನಡೆ ಬದಲಾಗಿದೆ ಎಂದು ಗದಗ, ಕೊಪ್ಪಳ, ವಿಜಯಪುರ ಕಡೆಯ ಒಣಬೇಸಾಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2015, 2016, 2018ರಲ್ಲಿ ಬರ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಇಂಥ ಮಳೆಗೆ ಹೊಂದಿಕೊಂಡು ಬೇಸಾಯ ಮಾಡುವುದು ಹೇಗೆ ಎಂಬ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಹೆಸರು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲಂತೂ ಊರೂರಿನಲ್ಲಿ ಹೊಂಡಗಳಾದವು. ಕೆಲವು ಮನೆತನಗಳನ್ನು ಅವು ಎತ್ತಿ ನಿಲ್ಲಿಸಿವೆ. ಇನ್ನು ಕೆಲವು ಹೂಳು ತುಂಬಿ, ಜಾಲಿ ಬೆಳೆದು ಹಾಳುಬಿದ್ದಿವೆ.

ಯಾವ ಹೊಂಡ ಯಾವ ದಾರಿ ಹಿಡಿಯುತ್ತದೆ ಎಂಬುದು ಬಹುಪಾಲು ಜೆಸಿಬಿ ಹೊಲಕ್ಕೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಅಗೆಯುವ ಮುನ್ನ ಮನೆಯವರೆಲ್ಲ ಕೂತು ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಬೇಕಾಗುವುದು ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಲ್ಕುಲೇಟರ್, ಪಹಣಿ, ಇಷ್ಟೇ. ಲೆಕ್ಕದ ಉದ್ದಕ್ಕೂ ಒಂದು ಮಾತು ನೆನಪಿರಲಿ: ಹೊಂಡದ ಬೆಲೆ ಸರಾಸರಿ ವರ್ಷದಲ್ಲಿ ಕಾಣುವುದಿಲ್ಲ, ಕೆಟ್ಟ ವರ್ಷದಲ್ಲಿ ಕಾಣುತ್ತದೆ. ಎಲ್ಲ ವರ್ಷಗಳನ್ನೂ ಕಲಸಿ ಸರಾಸರಿ ತೆಗೆಯುವ ಮೊದಲು ಒಂದೊಂದು ಬಗೆಯ ವರ್ಷವನ್ನೂ ಬೇರೆಬೇರೆಯಾಗಿ ನೋಡಲೇಬೇಕು.

ಹಂತ 1: ನಿಮ್ಮ ಕಷ್ಟ ಯಾವುದೆಂದು ಒಂದು ಸಾಲಿನಲ್ಲಿ ಬರೆಯಿರಿ

‘ನೀರಿಲ್ಲ’ ಎಂದು ಬರೆದರೆ ಸಾಲದು. ‘ಹಿಂಗಾರಿ ಕಡಲೆ ಹೂ ಬಿಡುವ ಹೊತ್ತಿಗೆ ತೇವ ಸಾಲುತ್ತಿಲ್ಲ’ ಎಂದೋ, ‘ಬಿತ್ತಿದ ಹೆಸರು ಮೊಳಕೆಯಲ್ಲೇ ಒಣಗುತ್ತಿದೆ’ ಎಂದೋ, ‘ಬೇಸಿಗೆಯಲ್ಲಿ ದನಕ್ಕೆ ನೀರಿಲ್ಲ’ ಎಂದೋ ಬರೆಯಿರಿ. ಯಾವ ಬೆಳೆ, ಯಾವ ತಿಂಗಳು, ಎಷ್ಟು ಎಕರೆ ಎಂಬುದು ಸಾಲಿನೊಳಗೆ ಬರಬೇಕು. ಮೂರಕ್ಕೂ ಬೇಕಾಗುವ ಹೊಂಡ ಬೇರೆಬೇರೆ. ಮೂರನೆಯದಕ್ಕೆ ಹೊಂಡಕ್ಕಿಂತ ಊರಿನ ಕೆರೆಯ ಹೂಳು ತೆಗೆಸುವುದೇ ಮದ್ದಾಗಿರಬಹುದು.

ಹಂತ 2: ಕಳೆದ ಹತ್ತು ವರ್ಷಗಳನ್ನು ವಿಂಗಡಿಸಿ

ನಾಲ್ಕು ಗುಂಪು ಮಾಡಿ. ಮಳೆ ಹದವಾಗಿ ಬಂದ ವರ್ಷ, ಒಟ್ಟು ಮಳೆ ಬಂದರೂ ನಡುವೆ ಕೈಕೊಟ್ಟ ವರ್ಷ, ಪೂರ್ತಿ ಬರದ ವರ್ಷ, ಅತಿವೃಷ್ಟಿಯ ವರ್ಷ.

ಮಳೆಯ ಅಂಕಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೆ ಸಿಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುವ ಯಂತ್ರಗಳನ್ನು ಇಟ್ಟಿದೆ. ಆದರೆ ಅಂಕಿಯಷ್ಟೇ ಸಾಕಾಗುವುದಿಲ್ಲ. 600 ಮಿ.ಮೀ. ಮಳೆ ಬಂದ ಎರಡು ವರ್ಷಗಳಲ್ಲಿ ಒಂದು ಬಂಗಾರ, ಒಂದು ಬರ ಆಗಿರಬಹುದು. ಹಸ್ತ, ಚಿತ್ತಿ ಮಳೆ ಬಂತೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಅದನ್ನು ಮನೆಯ ಹಿರಿಯರಷ್ಟು ಚೆನ್ನಾಗಿ ಯಾರೂ ಹೇಳಲಾರರು. ಅಜ್ಜನನ್ನು ಕೇಳಿದರೆ ‘ಕಡ್ಲಿ ಕಾಯಿ ಕಟ್ಟೂ ಮುಂದ ಮೋಡ ಹಾರಿಹೋದ ವರ್ಷ, ಎತ್ತು ಮಾರಿದ್ದು ಅದ ವರ್ಷ’ ಎನ್ನುತ್ತಾನೆ. ಅವ್ವನಿಗೆ ಬೆಂಡೋಲೆ ಅಡವಿಟ್ಟ ವರ್ಷ ನೆನಪಿರುತ್ತದೆ. ಬರೆದಿಟ್ಟ ಜಮಾ-ಖರ್ಚು ಇಲ್ಲದ ಮನೆಯಲ್ಲೂ ಕೆಟ್ಟ ವರ್ಷಗಳ ಲೆಕ್ಕ ಹೀಗೆ ಉಳಿದಿರುತ್ತದೆ. ಎತ್ತು ಮಾರಿದ್ದು, ಒಡವೆ ಅಡವಿಟ್ಟಿದ್ದು, ಗುಳೆ ಹೋದದ್ದು ಎಲ್ಲವನ್ನೂ ಆಯಾ ವರ್ಷದ ಮುಂದೆ ಬರೆಯಿರಿ. ಮುಂದೆ ಬೇಕಾಗುತ್ತದೆ.

ಹಂತ 3: ಹೊಂಡದ ಪಕ್ಕ ಬೇರೆ ದಾರಿಗಳನ್ನೂ ಬರೆಯಿರಿ

ಹೊಂಡ ಬೇಕೋ ಬೇಡವೋ ಎಂದಷ್ಟೇ ಕೇಳಿದರೆ ಉತ್ತರ ಸರಿ ಸಿಗುವುದಿಲ್ಲ. ಅದೇ ದುಡ್ಡಿನಲ್ಲಿ, ಅದೇ ಶ್ರಮದಲ್ಲಿ ಮತ್ತೇನು ಮಾಡಬಹುದಿತ್ತು ಎಂದು ಕೇಳಬೇಕು. ವಿಜಯಪುರದ ಒಣಬೇಸಾಯ ಸಂಶೋಧನೆ ಬಹುಕಾಲದಿಂದ ಹೇಳುತ್ತ ಬಂದಿರುವ ಚೌಕುಮಡಿ ಎರೆ ಹೊಲದಲ್ಲಿ ಬಿದ್ದ ಮಳೆಯನ್ನು ಬಿದ್ದಲ್ಲೇ ನಿಲ್ಲಿಸುತ್ತದೆ, ಖರ್ಚೂ ಅಲ್ಪ. ಒಡ್ಡು ಗಟ್ಟಿ ಮಾಡಬಹುದು. ಕಡಿಮೆ ನೀರು ಬೇಡುವ ನವಣೆಗೆ ಹೊರಳಬಹುದು. ಬೆಳೆ ವಿಮೆಯಲ್ಲಿ ರೈತ ಕಟ್ಟುವ ಕಂತು ಮುಂಗಾರಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಆದರೆ ನಷ್ಟವನ್ನು ಗ್ರಾಮ ಪಂಚಾಯಿತಿ ಇಲ್ಲವೇ ಹೋಬಳಿ ಮಟ್ಟದಲ್ಲಿ ಅಳೆಯುವುದರಿಂದ ನಿಮ್ಮೊಬ್ಬರ ಹೊಲ ಒಣಗಿದ್ದಕ್ಕೆ ಪರಿಹಾರ ಬರದೇ ಹೋಗಬಹುದು.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಒಡ್ಡು, ಚೌಕುಮಡಿ ಇಲ್ಲದ ಹೊಲದಲ್ಲಿ ಹೊಂಡಕ್ಕೆ ಕೈ ಹಾಕಬಾರದು. ಅವು ಅಗ್ಗ, ಅವಕ್ಕೆ ಬಡ್ಡಿ ಇಲ್ಲ, ಹೊಂಡಕ್ಕೆ ಬರುವ ಹೂಳನ್ನೂ ಅವೇ ತಡೆಯುತ್ತವೆ. ಅವು ಮಾಡಿದ ಮೇಲೂ ಉಳಿಯುವ ಕಷ್ಟಕ್ಕಷ್ಟೇ ಹೊಂಡದ ಲೆಕ್ಕ ಹಾಕಿ.

ಹಂತ 4: ನೀರಿನ ಲೆಕ್ಕ

ಇಡೀ ಕೆಲಸದ ತಿರುಳು ಇಲ್ಲಿದೆ. ರೂಪಾಯಿಯ ಮಾತು ಆಮೇಲೆ, ಮೊದಲು ಲೀಟರಿನ ಮಾತು.

ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಈ ಒಂದು ಸಂಖ್ಯೆ ಬಾಯಿಪಾಠ ಆದರೆ ಉಳಿದದ್ದೆಲ್ಲ ಸುಲಭ. ತುಂತುರು ನೀರಾವರಿಯಲ್ಲಿ 30 ಮಿ.ಮೀ.ನಷ್ಟು ನೀರು ಕೊಟ್ಟರೆ ಎಕರೆಗೆ 1.2 ಲಕ್ಷ ಲೀಟರ್ ಬೇಕು. ನಾಲ್ಕು ಎಕರೆ ಕಡಲೆಗೆ ಒಂದು ಸುತ್ತಿಗೆ 4.8 ಲಕ್ಷ ಲೀಟರ್ ಆಯಿತು.

ಹೊಂಡದಲ್ಲಿ ಎಷ್ಟು ಹಿಡಿಯುತ್ತದೆ? ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ಎಂದುಕೊಳ್ಳಿ. ಬದಿಗಳನ್ನು ಇಳಿಜಾರಾಗಿ ಕಡಿಯುವುದರಿಂದ ತಳ 15 ಮೀಟರ್ ಚೌಕವಾಗುತ್ತದೆ. ಮೇಲಿನ ವಿಸ್ತೀರ್ಣ 441 ಚದರ ಮೀಟರ್, ತಳದ್ದು 225. ಎರಡನ್ನೂ ಕೂಡಿಸಿ ಅರ್ಧ ಮಾಡಿ ಆಳದಿಂದ ಗುಣಿಸಿದರೆ ಸುಮಾರು 1,000 ಘನ ಮೀಟರ್, ಅಂದರೆ 10 ಲಕ್ಷ ಲೀಟರ್.

ಇಷ್ಟೂ ನೀರು ಬೆಳೆಗೆ ಸಿಗುವುದಿಲ್ಲ. ದಿನಕ್ಕೆ 5 ಮಿ.ಮೀ. ಆವಿಯಾದರೂ ಇಷ್ಟು ದೊಡ್ಡ ಹೊಂಡದಿಂದ ದಿನಕ್ಕೆ 2,200 ಲೀಟರ್ ಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ತುಂಬಿದ ನೀರನ್ನು ನವೆಂಬರ್ ಕೊನೆಗೆ ಬಳಸಿದರೆ ಆವಿಯಲ್ಲೇ 1.3 ಲಕ್ಷ ಲೀಟರ್ ಕಳೆಯಿತು. ಇಂಗುವುದು ಮಣ್ಣನ್ನು ಅವಲಂಬಿಸಿದೆ. ಮಸಾರಿ ಭೂಮಿಯಲ್ಲಿ ಪಾಲಿಥೀನ್ ಹೊದಿಕೆ ಇಲ್ಲದೆ ನೀರು ನಿಲ್ಲದು. ಗಟ್ಟಿ ಎರೆಯಲ್ಲಿ ಹೊದಿಕೆ ಇಲ್ಲದೆಯೂ ನಡೆಯುತ್ತದೆ. ಬೇಸಿಗೆಯಲ್ಲಿ ಬಿಟ್ಟ ಬಿರುಕು ಮೊದಲ ಮಳೆಗೆ ಒಂದಷ್ಟು ನೀರು ಕುಡಿದು, ಮಣ್ಣು ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ. ತಳದ ಕೆಸರು ನೀರನ್ನು ಪಂಪು ಎಳೆಯದು. ಎಲ್ಲ ಕಳೆದು 7 ಲಕ್ಷ ಲೀಟರ್ ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಎಕರೆಗೆ ಒಂದು ಸುತ್ತು ಪೂರ್ತಿ, ಎರಡನೆಯ ಸುತ್ತು ಎರಡು ಎಕರೆಗೂ ಸ್ವಲ್ಪ ಕಡಿಮೆ. ಬೆಳೆ ಉಳಿಸುವ ನೀರು ಎಂದರೆ ಇದು. ಕಬ್ಬು ಬೆಳೆಯುವ ಆಸೆ ಇಟ್ಟುಕೊಳ್ಳಬೇಡಿ.

ಇನ್ನು ಹೊಂಡ ತುಂಬಲು ಎಷ್ಟು ಮಳೆ ಬೇಕು? ಬಿದ್ದ ಮಳೆಯಲ್ಲಿ ಹರಿದು ಬರುವುದು ಇಳಿಜಾರು, ಮಣ್ಣು, ಮಳೆಯ ಬಿರುಸಿಗೆ ತಕ್ಕಂತೆ ಬದಲಾಗುತ್ತದೆ. ನೂರಕ್ಕೆ 15 ಪಾಲು ಎಂದು ಹಿಡಿಯೋಣ. ಆರು ಎಕರೆಯ ನೀರು ಹೊಂಡಕ್ಕೆ ಬರುವಂತಿದ್ದು, 40 ಮಿ.ಮೀ.ನ ಒಂದು ಜೋರು ಮಳೆ ಬಂದರೆ ಬಿದ್ದ ನೀರು 9.6 ಲಕ್ಷ ಲೀಟರ್, ಹೊಂಡ ಸೇರುವುದು 1.44 ಲಕ್ಷ. ಹೊಂಡ ತುಂಬಲು ಅಂಥ ಏಳು ಮಳೆ ಬೇಕು. ನಿಮ್ಮ ಹತ್ತು ವರ್ಷದ ಪಟ್ಟಿಯನ್ನು ಮತ್ತೆ ತೆಗೆದು, ಎಷ್ಟು ವರ್ಷಗಳಲ್ಲಿ ಅಂಥ ಏಳು ಮಳೆ ಬಂದಿತ್ತು ನೋಡಿ. ಹೊಂಡ ಬೇಕೇಬೇಕು ಅನ್ನಿಸುವ ಬರದ ವರ್ಷದಲ್ಲೇ ಹೊಂಡ ಬರಿದಾಗಿರುತ್ತದೆ. ಮಳೆ ನಡುವೆ ಕೈಕೊಟ್ಟ ವರ್ಷಕ್ಕೆ ಹೊಂಡ ಹೇಳಿ ಮಾಡಿಸಿದ್ದು, ಪೂರ್ತಿ ಬರದ ವರ್ಷಕ್ಕೆ ಅಲ್ಲ. ಹೊಂಡದ ಮೇಲಿನ ನಿರಾಸೆ ಬಹಳಷ್ಟು ಹುಟ್ಟುವುದು ಈ ವ್ಯತ್ಯಾಸವನ್ನು ಯಾರೂ ಮೊದಲೇ ಹೇಳದ ಕಾರಣಕ್ಕೆ.

ಹಂತ 5: ಖರ್ಚುಗಳನ್ನು ಪೂರ್ತಿ ಬರೆಯಿರಿ

ಇಲ್ಲಿಂದ ಮುಂದಿನ ರೂಪಾಯಿಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಊಹೆಯ ಮೊತ್ತಗಳು. ನಿಮ್ಮೂರಿನ ದರ ಹಾಕಿಕೊಳ್ಳಿ. ಐದು ಎಕರೆ ಎರೆ ಹೊಲ, ಅದರಲ್ಲಿ ನಾಲ್ಕು ಎಕರೆಗೆ ಹೆಸರಿನ ಮೇಲೆ ಕಡಲೆ ಬಿತ್ತುವ ಮನೆ.

ಒಮ್ಮೆ ಮಾಡುವ ಖರ್ಚು: ಅಗೆತಕ್ಕೆ 60,000, ನೀರು ಒಳಬರುವ ದಾರಿ, ಹೂಳು ನಿಲ್ಲುವ ಗುಂಡಿ, ಹೆಚ್ಚಾದ ನೀರು ಹೊರಹೋಗುವ ಕಲ್ಲುಕಟ್ಟಿನ ಕೋಡಿಗೆ 15,000, ಪಂಪು ಮತ್ತು ಸ್ಪ್ರಿಂಕ್ಲರ್ ಪೈಪಿಗೆ 50,000, ತಂತಿ ಬೇಲಿಗೆ 35,000. ಒಟ್ಟು 1,60,000.

ವರ್ಷವರ್ಷದ ಖರ್ಚನ್ನು ಜನ ಮರೆಯುತ್ತಾರೆ. 21 ಮೀಟರ್ ಚೌಕ ಅಂದರೆ ನಾಲ್ಕೂವರೆ ಗುಂಟೆ. ದಂಡೆ, ಬೇಲಿ, ಮಣ್ಣಿನ ರಾಶಿ ಸೇರಿ ಏಳು ಗುಂಟೆ ಹೋಗುತ್ತದೆ. ಎಕರೆಗೆ ವರ್ಷಕ್ಕೆ 20,000 ಉಳಿಯುವ ಹೊಲದಲ್ಲಿ ಏಳು ಗುಂಟೆಯ ನಷ್ಟ 3,500. ಹೂಳು ತೆಗೆಯಲು, ದಂಡೆ ಸರಿಪಡಿಸಲು 3,000. ಪಂಪಿನ ರಿಪೇರಿ 1,500. ಒಟ್ಟು 8,000. ಹೊದಿಕೆ ಹಾಕಿದರೆ ಅದು ಹರಿದು ಬದಲಿಸಬೇಕಾದ ದಿನಕ್ಕೂ ದುಡ್ಡು ಕೂಡಿಡಬೇಕು.

ಬೇಲಿಯ ಖರ್ಚನ್ನು ಉಳಿಸುವ ಯೋಚನೆಯನ್ನೇ ಮಾಡಬೇಡಿ. ಇಳಿಜಾರಿನ ದಂಡೆ ಒದ್ದೆಯಾದರೆ ಜಾರುತ್ತದೆ, ಪಾಲಿಥೀನ್ ಇದ್ದರಂತೂ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಬೇಲಿ ಮತ್ತು ದಂಡೆಗೆ ಕಟ್ಟಿದ ಒಂದು ಗಟ್ಟಿ ಹಗ್ಗ ಇಲ್ಲದೆ ನೀರು ತುಂಬಿಸಲೇಬಾರದು.

ಹಂತ 6: ಲಾಭವನ್ನು ವರ್ಷದ ಬಗೆಗೆ ತಕ್ಕಂತೆ ಹಾಕಿ

ಕಡಲೆಗೆ ಕ್ವಿಂಟಲಿಗೆ 5,500 ರೂ. ಎಂದುಕೊಳ್ಳಿ. ನಡುವೆ ಮಳೆ ಕೈಕೊಟ್ಟ ವರ್ಷ ಹೊಂಡದ ನೀರಿನಿಂದ ಎಕರೆಗೆ 2 ಕ್ವಿಂಟಲ್ ಹೆಚ್ಚು ಬಂದರೆ ನಾಲ್ಕು ಎಕರೆಗೆ 44,000. ಡೀಸೆಲ್, ಆಳು ಕಳೆದು 38,000 ಉಳಿಯಿತು. ಹದವಾದ ವರ್ಷದಲ್ಲಿ ನೀರು ಕೊಟ್ಟರೂ ಅರ್ಧ ಕ್ವಿಂಟಲ್ ಹೆಚ್ಚು ಬಂದೀತು. ಖರ್ಚು ಕಳೆದು 6,000. ಪೂರ್ತಿ ಬರದಲ್ಲಿ ಹೊಂಡ ಕಾಲುಭಾಗ ತುಂಬಿ ಒಂದು ಎಕರೆ ಉಳಿದರೆ 13,000. ಅತಿವೃಷ್ಟಿಯ ವರ್ಷ ಲಾಭ ಇಲ್ಲ, ದಂಡೆ ಕುಸಿದು 5,000 ನಷ್ಟ.

ಹಂತ 2ರಲ್ಲಿ ಹದವಾದ ವರ್ಷ 3, ನಡುವೆ ಕೈಕೊಟ್ಟದ್ದು 4, ಬರ 2, ಅತಿವೃಷ್ಟಿ 1 ಎಂದು ಬಂದಿದ್ದರೆ: 18,000, 1,52,000, 26,000 ಕೂಡಿಸಿ, 5,000 ಕಳೆದರೆ ಹತ್ತು ವರ್ಷಕ್ಕೆ 1,91,000. ಬಹುಪಾಲು ಹಣ ಎಲ್ಲಿಂದ ಬಂತು ನೋಡಿ: ನಾಲ್ಕೇ ವರ್ಷಗಳಿಂದ. ಈಗ ಸರಾಸರಿ ತೆಗೆಯಬಹುದು. ವರ್ಷಕ್ಕೆ 19,100, ಅದರಲ್ಲಿ 8,000 ಖರ್ಚು ಕಳೆದರೆ 11,100 ನಿಕ್ಕಿ ಲಾಭ.

ಹಂತ 7: ಬಡ್ಡಿ ಸೇರಿಸಿ ನೋಡಿ

ಹೊಂಡ 20 ವರ್ಷ ಬಾಳುತ್ತದೆಂದು 11,100ನ್ನು 20ರಿಂದ ಗುಣಿಸಿ 2,22,000 ಎಂದು ಹಿಗ್ಗುವುದು ಬೇಡ. ದುಡ್ಡು ಇವತ್ತು ಹೋಗುತ್ತದೆ, ಲಾಭ ಮುಂದೆ ಬರುತ್ತದೆ. ಶೇ. 7ರ ಬಡ್ಡಿಯಲ್ಲಿ ಹತ್ತು ವರ್ಷದ ನಂತರ ಬರುವ 100 ರೂಪಾಯಿಯ ಇವತ್ತಿನ ಬೆಲೆ 51. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ, ಅಂದರೆ ವರ್ಷಕ್ಕೆ ಶೇ. 24ರ ಕೈಸಾಲ ಮಾಡಿದ್ದರೆ ಅದೇ 100ರ ಬೆಲೆ ಬರೀ 12.

20 ವರ್ಷದ ಲಾಭವನ್ನೆಲ್ಲ ಇವತ್ತಿನ ಬೆಲೆಗೆ ತರುವ ಸುಲಭ ದಾರಿ: ಶೇ. 7 ಆದರೆ ವರ್ಷದ ಲಾಭವನ್ನು 10.6ರಿಂದ, ಶೇ. 24 ಆದರೆ 4.1ರಿಂದ ಗುಣಿಸಿ. ಬ್ಯಾಂಕಿನ ಬಡ್ಡಿಯಲ್ಲಿ ನಮ್ಮ ಹೊಂಡದ ಲಾಭ ಸುಮಾರು 1,17,700. ಖರ್ಚು 1,60,000. ಅಂದರೆ ಸಹಾಯಧನ ಇಲ್ಲದೆ ಈ ಹೊಂಡ ಗಿಟ್ಟುವುದಿಲ್ಲ.

ಕೃಷಿ ಭಾಗ್ಯದಲ್ಲಿ ಹೆಚ್ಚಿನ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90 ಸಹಾಯಧನವಿದೆ, ಬೇಲಿಯಂಥ ಕೆಲವಕ್ಕೆ ಕಡಿಮೆ. ಎಲ್ಲ ಸೇರಿ ನಿಮ್ಮ ಕೈಯಿಂದ 45,000 ಹೋಗುತ್ತದೆ ಎಂದರೆ ಬ್ಯಾಂಕಿನ ಬಡ್ಡಿಯಲ್ಲಿ ಚೆನ್ನಾಗಿಯೇ ಗಿಟ್ಟುತ್ತದೆ. ಆದರೆ ಆ 45,000ವನ್ನು ಕೈಸಾಲ ತಂದರೆ ಲಾಭದ ಇವತ್ತಿನ ಬೆಲೆ 45,500; ಅಲ್ಲಿಗಲ್ಲಿಗೆ ಸರಿಹೋಯಿತು. ಹೊಂಡ ಅದೇ, ಮಳೆ ಅದೇ; ಸಾಲ ಎಲ್ಲಿಂದ ಬಂತು ಎಂಬುದೊಂದೇ ಬೇರೆ. ಸಣ್ಣ ರೈತರಿಗೆ ಬರ ಎದುರಿಸಲು ನೆರವಾಗಬೇಕು ಎನ್ನುವವರು ಹೊಂಡದ ಅಳತೆಗಿಂತ ಮೊದಲು ಅವರ ಸಾಲದ ಬಡ್ಡಿಯ ಬಗ್ಗೆ ಮಾತಾಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಸಹಾಯಧನವೂ ಎಲ್ಲಿಂದಲೋ ಬರುವ ದುಡ್ಡಲ್ಲ, ಜನರ ತೆರಿಗೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡು ಪುಟ ಇರಲಿ: ಒಂದು ಮನೆಯ ಲೆಕ್ಕ, ಇನ್ನೊಂದು ಪೂರ್ತಿ ಖರ್ಚಿನ ಲೆಕ್ಕ.

ಹಂತ 8: ಊಹೆಗಳನ್ನು ಬದಲಿಸಿ ಮತ್ತೆ ಹಾಕಿ

ಮೂವರು ಅಕ್ಕಪಕ್ಕದ ಹೊಲದವರು ಒಂದೇ ಪಂಪು, ಪೈಪು ಹಂಚಿಕೊಂಡರೆ ನಿಮ್ಮ ಪಾಲು 17,000 ಆಗಿ ಒಟ್ಟು ಖರ್ಚು 1,27,000ಕ್ಕೆ ಇಳಿಯುತ್ತದೆ. ಇನ್ನೂ ಲಾಭಕ್ಕಿಂತ ಹೆಚ್ಚೇ. ಈಗ ಹವಾಮಾನದ ಮಾತು ಸೇರಿಸಿ. ಮುಂದಿನ ಹತ್ತು ವರ್ಷ ಹಿಂದಿನ ಹತ್ತರಂತೆ ಇರುತ್ತದೆಂಬ ಖಾತ್ರಿ ಇಲ್ಲ. ಹದವಾದ ಒಂದು ವರ್ಷ ಕಡಿಮೆಯಾಗಿ, ನಡುವೆ ಕೈಕೊಡುವ ವರ್ಷ 4ರ ಬದಲು 5 ಆದರೆ ವರ್ಷದ ಲಾಭ 14,300ಕ್ಕೆ ಏರಿ, ಇವತ್ತಿನ ಬೆಲೆ 1,51,600 ಆಗುತ್ತದೆ. ಪಂಪು ಹಂಚಿಕೊಂಡ ಹೊಂಡ ಸಹಾಯಧನ ಇಲ್ಲದೆಯೂ ಗಿಟ್ಟಿತು. ಬರದ ವರ್ಷವೇ ಹೆಚ್ಚಾದರೆ ಲೆಕ್ಕ ಇಷ್ಟು ಚೆನ್ನಾಗಿ ತಿರುಗುವುದಿಲ್ಲ. ಅದನ್ನೂ ಹಾಕಿ ನೋಡಿ. ಬೆಲೆ 4,500ಕ್ಕೆ ಬಿದ್ದರೆ, ಅರ್ಧ ಹೊಂಡವೇ ತುಂಬಿದರೆ ಎಂದೂ ನೋಡಿ. ಯಾವ ಸಂಖ್ಯೆ ಬದಲಾದಾಗ ಉತ್ತರವೇ ತಲೆಕೆಳಗಾಗುತ್ತದೋ ಆ ಸಂಖ್ಯೆಯನ್ನು ಖಚಿತ ಮಾಡಿಕೊಳ್ಳಲು ಸಮಯ ಕೊಡಿ.

ಅಳತೆಯನ್ನೂ ಹೀಗೆಯೇ ಪರೀಕ್ಷಿಸಬೇಕು. ನೆದರ್ಲೆಂಡ್ಸ್‌ನಲ್ಲಿ 1953ರ ಸಮುದ್ರದ ನೆರೆಗೆ 1,836 ಜನ ಸತ್ತ ಮೇಲೆ ತಡೆಗೋಡೆ ಎಷ್ಟು ಎತ್ತರ ಇರಬೇಕೆಂಬ ಪ್ರಶ್ನೆ ಎದ್ದಿತು. ಡೇವಿಡ್ ವಾನ್ ಡಾಂಟ್ಸಿಗ್ ಎಂಬ ಗಣಿತಜ್ಞ 1956ರಲ್ಲಿ ಅದಕ್ಕೆ ಲೆಕ್ಕದ ದಾರಿ ಕೊಟ್ಟ: ಇನ್ನೊಂದಿಷ್ಟು ಎತ್ತರಿಸುವ ಖರ್ಚು, ಅದರಿಂದ ತಪ್ಪುವ ನಷ್ಟಕ್ಕೆ ಸಮನಾಗುವವರೆಗೆ ಎತ್ತರಿಸಬೇಕು. ಹೊಂಡಕ್ಕೂ ಇದೇ ಮಾತು. ಮೇಲೆ 15 ಮೀಟರ್ ಚೌಕದ, ಅದೇ 3 ಮೀಟರ್ ಆಳದ ಹೊಂಡದಲ್ಲಿ ಸುಮಾರು 4.6 ಲಕ್ಷ ಲೀಟರ್ ಹಿಡಿಯುತ್ತದೆ, ಆವಿ, ಕೆಸರು ಎಲ್ಲ ಕಳೆದರೆ ಎರಡೂವರೆ ಎಕರೆಗೆ ಒಂದು ಸುತ್ತು ನೀರಾಗುತ್ತದೆ. ನಿಮ್ಮ ಹೊಲಕ್ಕೆ ಹೆಚ್ಚಿನ ವರ್ಷಗಳಲ್ಲಿ ಹರಿದು ಬರುವುದೇ ಐದು ಲಕ್ಷ ಲೀಟರ್ ಆದರೆ 21 ಮೀಟರಿನ ಹೊಂಡಕ್ಕೆ ಸುರಿದ ಹೆಚ್ಚಿನ ಹಣ ಖಾಲಿ ಗುಂಡಿಗೆ ಹಾಕಿದ್ದು.

ಜಗತ್ತಿನ ಮಟ್ಟದಲ್ಲಿ, 2019ರಲ್ಲಿ ಹವಾಮಾನ ಬದಲಾವಣೆಗೆ ಹೊಂದಾಣಿಕೆ ಕುರಿತ ಜಾಗತಿಕ ಆಯೋಗ 1.8 ಲಕ್ಷ ಕೋಟಿ ಡಾಲರ್ ಹೂಡಿದರೆ 7.1 ಲಕ್ಷ ಕೋಟಿ ಡಾಲರ್ ಲಾಭವಿದೆ ಎಂದು ಅಂದಾಜಿಸಿತ್ತು. ಆ ಮಾತು ಸರ್ಕಾರಗಳನ್ನು ಎಚ್ಚರಿಸಲು ಬೇಕು. ನಿಮ್ಮ ಐದು ಎಕರೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಂತ 9: ರೂಪಾಯಿಗೆ ಸಿಗದ್ದನ್ನು ಪಕ್ಕದಲ್ಲಿ ಬರೆಯಿರಿ

ಈಗ ಎತ್ತು ಮಾರಿದ ವರ್ಷಕ್ಕೆ ಹಿಂತಿರುಗಿ. ಆ ವರ್ಷ 38,000 ಕೈಗೆ ಬಂದಿದ್ದರೆ ಎತ್ತು ಉಳಿಯುತ್ತಿತ್ತು, ಮಗಳ ಓದು ನಿಲ್ಲುತ್ತಿರಲಿಲ್ಲ, ಗುಳೆ ತಪ್ಪುತ್ತಿತ್ತು. ಕೆಟ್ಟ ವರ್ಷದ ರೂಪಾಯಿ ಒಳ್ಳೆಯ ವರ್ಷದ ರೂಪಾಯಿಗಿಂತ ತೂಕದ್ದು. ಲೆಕ್ಕದಲ್ಲಿ ಸ್ವಲ್ಪ ನಷ್ಟ ಕಂಡರೂ ಇದಕ್ಕಾಗಿ ಹೊಂಡ ಬೇಕು ಎಂದು ಒಂದು ಮನೆ ತೀರ್ಮಾನಿಸಿದರೆ ಅದು ತಪ್ಪಲ್ಲ. ನಷ್ಟ ಎಷ್ಟೆಂದು ತಿಳಿದು ತೀರ್ಮಾನಿಸಲಿ.

ಇತರರ ಮೇಲೆ ಬೀಳುವ ಖರ್ಚನ್ನೂ ಬರೆಯಿರಿ. ನೀವು ಹಿಡಿದ ನೀರು ಕೆಳಗಿನ ಹೊಲಕ್ಕೋ ಕೆರೆಗೋ ಹೋಗುತ್ತಿದ್ದದ್ದು. ಒಂದು ಹೊಂಡದಿಂದ ತೊಂದರೆಯಾಗದು. ಒಂದೇ ಹಳ್ಳದ ಮೇಲೆ ನೂರು ಹೊಂಡಗಳಾದರೆ ಕೆಳಗಿನವರನ್ನು ಕೇಳಬೇಕಾಗುತ್ತದೆ. ಮಹಾರಾಷ್ಟ್ರದ ನಾಸಿಕ್, ಅಹಮದ್‌ನಗರ ಕಡೆ ಪ್ಲಾಸ್ಟಿಕ್ ಹಾಸಿದ ಹೊಂಡಗಳಿಗೆ ಬೋರ್‌ವೆಲ್ ನೀರು ತುಂಬಿ ದ್ರಾಕ್ಷಿ, ದಾಳಿಂಬೆ ಬೆಳೆದದ್ದು ಇನ್ನೂ ದೊಡ್ಡ ಎಚ್ಚರಿಕೆ. ಎಲ್ಲರಿಗೂ ಸೇರಿದ ಅಂತರ್ಜಲ ಮೇಲೆ ಬಂದು ಒಬ್ಬರದಾಯಿತು, ಅದರಲ್ಲೂ ಒಂದು ಪಾಲು ಆವಿಯಾಗಿ ಹೋಯಿತು. ಬೋರ್ ನೀರು ತುಂಬಿಸುವ ಉದ್ದೇಶ ಇದ್ದರೆ ಈ ಲೆಕ್ಕವೇ ನಿಮಗೆ ಅನ್ವಯಿಸದು.

ಹಂತ 10: ಗಿಟ್ಟುತ್ತದೆ ಎಂದು ಕಂಡರೆ

ಅಗೆಯುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಿ, ಈ ವರ್ಷದ ಸಹಾಯಧನದ ದರ, ಅಳತೆಯ ನಿಯಮ ಕೇಳಿ, ಮಂಜೂರಾತಿ ಪಡೆಯಿರಿ. ಮುಂಗಾರಿನ ಒಂದು ಜೋರು ಮಳೆಯಲ್ಲಿ ಹೊಲಕ್ಕೆ ಹೋಗಿ ನೀರು ಎಲ್ಲಿ ಕೂಡಿ ಹರಿಯುತ್ತದೆ ನೋಡಿ, ಅಲ್ಲಿ ಗೂಟ ಹೊಡೆದು ಗುರುತು ಮಾಡಿ; ಒಣ ಹೊಲ ನೋಡಿ ಜಾಗ ಆರಿಸಿದರೆ ನೀರು ಪಕ್ಕದಿಂದ ಹಾದುಹೋಗುತ್ತದೆ. ಅಗೆತ ಏಪ್ರಿಲ್–ಮೇ ತಿಂಗಳಲ್ಲಿ ಮುಗಿಯಲಿ. ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು ಹೊಲಕ್ಕೆ ಹರಡಿ, ಕೆಳಗಿನ ಮಣ್ಣಿನಿಂದ ದಂಡೆ ಕಟ್ಟಿ. ಹೂಳಿನ ಗುಂಡಿಯನ್ನು ಪ್ರತಿ ದೊಡ್ಡ ಮಳೆಯ ನಂತರ ಸಲಿಕೆ ಹಿಡಿದು ಖಾಲಿ ಮಾಡಿ. ಮೊದಲ ವರ್ಷದಿಂದಲೇ ಅದೇ ನೋಟ್‌ಬುಕ್ಕಿನಲ್ಲಿ ಯಾವ ಮಳೆಗೆ ಹೊಂಡದ ನೀರು ಎಷ್ಟು ಅಡಿ ಏರಿತು, ಯಾವ ದಿನ ಯಾವ ಬೆಳೆಗೆ ಬಿಟ್ಟಿರಿ, ನೀರು ಕಂಡ ಎಕರೆಯಲ್ಲಿ ಎಷ್ಟು ಬಂತು, ಕಾಣದ ಎಕರೆಯಲ್ಲಿ ಎಷ್ಟು ಬಂತು ಎಂದು ಬರೆಯುತ್ತ ಹೋಗಿ. ಮೂರು ವರ್ಷದಲ್ಲಿ ನನ್ನ ಊಹೆಯ ಸಂಖ್ಯೆಗಳ ಜಾಗದಲ್ಲಿ ನಿಮ್ಮ ಹೊಲದ್ದೇ ಸಂಖ್ಯೆಗಳು ಬಂದಿರುತ್ತವೆ, ಹೊಂಡ ತೆಗೆಸಬೇಕೆಂದು ಯೋಚಿಸುತ್ತಿರುವ ನಿಮ್ಮ ಪಕ್ಕದ ಹೊಲದವರಿಗೆ ಅವನ್ನು ತೋರಿಸಿ.